ಕಿಟಕಿ ಪಕ್ಕದ ಮೆಷಿನ್

ಸೆಪ್ಟೆಂಬರ್ 4

ಇವತ್ತು ಕೆಲಸಕ್ಕೆ ಸೇರಿದೆ. ಹುಚ್ಚಾಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಆಯಾ. ಒಂದು ಬಿಳಿ ಏಪ್ರನ್ ಕೊಟ್ಟರು, ಸೊಂಟಕ್ಕೆ ಕಟ್ಟಿಕೊಳ್ಳಲು ಹಗ್ಗ, ಹಗ್ಗದ ತುದಿಗೆ ಎರಡು ಕೀಲಿಕೈ. ಒಂದು ವಾರ್ಡಿನದು, ಇನ್ನೊಂದು ಅಂಗಳದ್ದು. ಗೇಟಿನ ಆಫೀಸಿನಲ್ಲಿ ಗುಮಾಸ್ತ ತಲೆ ಎತ್ತದೆ ಕೇಳಿದ: "ಒಳಗೆ ನಿಮ್ಮ ಪೈಕಿ ಯಾರಾದ್ರೂ ಇದ್ದಾರಾ? ಸಂಬಂಧಿಕರು ಇದ್ರೆ ಕೆಲಸ ಕೊಡಲ್ಲ." ಯಾರೂ ಇಲ್ಲ ಎಂದೆ.

ಒಳಗೆ ನನ್ನ ಅಕ್ಕ ಇದ್ದಾಳೆ. ಅವಳಿಗಾಗಿಯೇ ಈ ಕೆಲಸ ಹಿಡಿದದ್ದು.

ವಾರ್ಡು ಒಂದು ಉದ್ದನೆಯ ಕೊಠಡಿ. ಎರಡೂ ಗೋಡೆಗೆ ತಾಗಿಸಿ ಕಬ್ಬಿಣದ ಮಂಚಗಳು. ಕಿಟಕಿಗಳು ತಲೆಗಿಂತ ಎತ್ತರದಲ್ಲಿ. ಫಿನಾಯಿಲ್ ಹಾಕಿ ತೊಳೆದರೂ ಉಚ್ಚೆಯ ವಾಸನೆ ಹೋಗುವುದಿಲ್ಲ. ಎಲ್ಲರಿಗೂ ಒಂದೇ ಬೂದು ನಿಲುವಂಗಿ, ಹೇನಾಗುತ್ತದೆಂದು ಎಲ್ಲರ ತಲೆಯೂ ಬೋಳು. ಸಾಲು ಹಿಡಿದು ಹುಡುಕುತ್ತ ಹೋದವಳು ಅಕ್ಕನನ್ನು ದಾಟಿಯೇ ಮುಂದೆ ಹೋಗಿಬಿಟ್ಟಿದ್ದೆ. ಹಿಂದಿನಿಂದ ಸಣ್ಣ ದನಿ ಬಂತು.

"ಪುಟ್ಟೀ, ನಿನ್ನನ್ನೂ ತಂದು ಹಾಕಿದ್ರೇನೇ?"

ಹೊದಿಕೆ ಸರಿಪಡಿಸುವ ನೆಪದಲ್ಲಿ ಬಗ್ಗಿ, "ನಾನು ಕೆಲಸಕ್ಕೆ ಬಂದಿದ್ದೀನಿ. ಯಾರ ಮುಂದೆಯೂ ಪುಟ್ಟಿ ಅನ್ನಬೇಡ" ಎಂದೆ. ಅವಳು ನನ್ನ ಏಪ್ರನ್ನಿನ ಅಂಚನ್ನು ಬೆರಳಲ್ಲಿ ತಿರುವಿ ನೋಡಿ, "ಹೊಲಿಗೆ ಸೊಟ್ಟಗಿದೆ" ಎಂದಳು.

ಅಕ್ಕನ ಮಗು ಹುಟ್ಟಿ ಮೂರನೇ ವಾರಕ್ಕೆ ಹೋಯಿತು. ಅಕ್ಕ ಅಳು ನಿಲ್ಲಿಸಲಿಲ್ಲ. ಊಟ ಬಿಟ್ಟಳು, ಒಂದು ಬೆಳಿಗ್ಗೆ ತೊಟ್ಟಿಲು ಹೊತ್ತುಕೊಂಡು ಬೀದಿಗೆ ಹೋದಳು. ಭಾವ ಇಲ್ಲಿಗೆ ತಂದು ಬಿಟ್ಟು ಕೈ ತೊಳೆದುಕೊಂಡ. ವರ್ಷ ತುಂಬುವುದರೊಳಗೆ ಇನ್ನೊಂದು ಮದುವೆಯಾದ. ತಂದುಬಿಟ್ಟವನು ಮಾತ್ರ ನೋಡಲು ಬರಬಹುದು ಎನ್ನುವುದು ಇಲ್ಲಿಯ ನಿಯಮ. ಅವನು ಒಮ್ಮೆಯೂ ಬಂದಿಲ್ಲ. ನಾನು ಗೇಟಿನವರೆಗೆ ಬಂದು ಎಷ್ಟೋ ಸಲ ವಾಪಸ್ ಹೋಗಿದ್ದೇನೆ.

ಬಿಡಿಸಿಕೊಂಡು ಹೋಗಲು ದಾರಿ ಇದೆ, ವಿಚಾರಿಸಿದ್ದೇನೆ. ಮೂರು ತಿಂಗಳಿಗೊಮ್ಮೆ ಸಮಿತಿ ಕೂರುತ್ತದೆ. ರೋಗಿ ಸುಧಾರಿಸಿದ್ದಾಳೆ ಎಂದು ಒಳಗಿನವರು ಹೇಳಬೇಕು, ಮನೆಯಿರುವ ರಕ್ತಸಂಬಂಧಿ ಒಬ್ಬರು ಎದುರಿಗೆ ಬಂದು ನಿಂತು ಕರೆದೊಯ್ಯುತ್ತೇನೆ ಎನ್ನಬೇಕು. ಮುಂದಿನದು ಡಿಸೆಂಬರಿನಲ್ಲಿ. ನನಗೆ ಸ್ವಂತ ಮನೆಯಿಲ್ಲ. ಅಷ್ಟರಲ್ಲಿ ಎರಡನ್ನೂ ಹೊಂದಿಸಬೇಕು.

ಸೆಪ್ಟೆಂಬರ್ 11

ಇಲ್ಲಿ ಸ್ನಾನವೆಂದರೆ ಅಂಗಳದಲ್ಲಿ ಬೆತ್ತಲೆ ನಿಲ್ಲಿಸಿ ಪೈಪಿನಿಂದ ನೀರು ಬಿಡುವುದು. ತಣ್ಣೀರು. ಮುದುಕಿಯರೂ ಅದೇ ಸಾಲಿನಲ್ಲಿ. ಪೈಪು ಹಿಡಿಯುವುದು ಹಿರಿಯ ಆಯಾ. ಅವಳ ಸೊಂಟದಲ್ಲಿ ದೊಡ್ಡ ಕೀಲಿ ಗೊಂಚಲು ಇರುವುದರಿಂದ ಎಲ್ಲರೂ ಅವಳನ್ನು ಬೀಗದಮ್ಮ ಎನ್ನುತ್ತಾರೆ.

ಸಾಲಿನಲ್ಲಿ ಒಬ್ಬ ಮುದುಕಿ ಇದ್ದಾಳೆ, ಎಲ್ಲರಿಗೂ ಹುಕುಂ ಮಾಡುತ್ತಾಳೆ. ಅವಳಿಗೆ ಕಲೆಕ್ಟರಮ್ಮ ಎಂದು ಹೆಸರು. ನೀರು ಬಿದ್ದ ಕೂಡಲೇ, "ಈ ಪೈಪು ಹಿಡಿದೋಳನ್ನ ನಾಳೆಯಿಂದಲೇ ವರ್ಗ ಮಾಡ್ತೀನಿ" ಎಂದಳು.

"ಮಾಡಿ ತಾಯಿ, ನಿಮಗೆ ಪುಣ್ಯ ಬರುತ್ತೆ" ಎಂದು ಬೀಗದಮ್ಮ ನೀರನ್ನು ಅವಳ ಮುಖಕ್ಕೇ ತಿರುಗಿಸಿದಳು.

ಅಕ್ಕನ ತಲೆ ಒರೆಸುವಾಗ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಂಡೆ. ಅವಳ ಮಾತು ನೆಟ್ಟಗಿದೆ. ಅಮ್ಮ ಹೋದದ್ದು ಅವಳಿಗೆ ಗೊತ್ತಿರಲಿಲ್ಲ, ಹೇಳಿದೆ. ಒರೆಸುವ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡು, "ಇಲ್ಲಿ ಅಳಬಾರದು ಕಣೇ. ಅತ್ತರೆ ಕರೆಂಟು ಕೊಡ್ತಾರೆ" ಎಂದಳು.

ಬೀಗದಮ್ಮ ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದಳು. "ಅವರ ಜೊತೆ ಮಾತಿಗೆ ಇಳೀಬೇಡ. ಒಬ್ಬಳ ಜೊತೆ ಮಾತಾಡಿದ್ರೆ ಎಲ್ಲರಿಗೂ ಬೇಕಾಗುತ್ತೆ. ನಿನಗೆ ಇರೋದು ಒಂದೇ ಬಾಯಿ."

ಇಷ್ಟು ಕಲ್ಲಾಗಲು ಎಷ್ಟು ವರ್ಷ ಬೇಕಾಯಿತೋ ಈ ಹೆಂಗಸಿಗೆ.

ಸೆಪ್ಟೆಂಬರ್ 24

ಇವತ್ತು ನನ್ನನ್ನು ಕರೆಂಟು ಕೊಡುವ ಕೋಣೆಗೆ ಕರೆದರು. ಬಾಗಿಲ ಬಳಿಯ ಮಂಚದ ಹೆಂಗಸಿಗೆ. ಅವಳು ಮಾಡಿದ್ದು ಏನೂ ಇಲ್ಲ, ಗಂಜಿ ಬಟ್ಟಲನ್ನು ಎಸೆದಿದ್ದಳು. ಭುಜ ಹಿಡಿಯಲು ಒಬ್ಬರು, ಮಂಡಿ ಹಿಡಿಯಲು ಇಬ್ಬರು. ಹಲ್ಲಿನ ನಡುವೆ ಬಟ್ಟೆಯ ಸುರುಳಿ ಇಡುತ್ತಾರೆ. ನನಗೆ ಭುಜ ಕೊಟ್ಟರು. ಮಂಪರಿಗೆ ಏನೂ ಕೊಡುವುದಿಲ್ಲ. ಡಾಕ್ಟರು ಗುಂಡಿ ಒತ್ತುವವರೆಗೂ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ನನ್ನ ಕೈಯಡಿ ಆ ಮೈ ಎದ್ದದ್ದು, ಬಿಲ್ಲಿನಂತೆ ಬಗ್ಗಿದ್ದು. ಬರೆಯಲು ಆಗುತ್ತಿಲ್ಲ.

ಹೊರಗೆ ಬಂದು ಚರಂಡಿಗೆ ವಾಂತಿ ಮಾಡಿದೆ. ಬೀಗದಮ್ಮ ಬೆನ್ನು ಸವರಿದಳು. "ಮೊದಲ ಸಲ ಎಲ್ಲರಿಗೂ ಹೀಗೇ. ನಾನು ಎರಡು ದಿನ ಊಟ ಮುಟ್ಟಿರಲಿಲ್ಲ. ಆಮೇಲೆ ಎರಡೂ ದಿನದ್ದು ಸೇರಿಸಿ ತಿಂದೆ."

ನನ್ನ ಕೈಗಳನ್ನು ಎಷ್ಟು ತೊಳೆದರೂ ಆ ಭುಜ ಅಲ್ಲೇ ಇದ್ದಂತಿದೆ. ಅಕ್ಕ ಆ ಮಂಚ ಹತ್ತಬಾರದು.

ಅಕ್ಟೋಬರ್ 7

ಒಳ್ಳೆಯ ದಿನ.

ಅಂಗಳದ ಆಚೆ ಹೊಲಿಗೆ ಕೋಣೆ ಇದೆ. ಇಡೀ ಆಸ್ಪತ್ರೆಯ ನಿಲುವಂಗಿ, ಹಾಸಿಗೆ ಕವರು, ಹರಿಯಲಾಗದ ಕ್ಯಾನ್ವಾಸ್ ಹೊದಿಕೆ, ತೋಳು ಉದ್ದವಿದ್ದು ಬೆನ್ನಿಗೆ ಕಟ್ಟುವ ಅಂಗಿ, ಎಲ್ಲವನ್ನೂ ರೋಗಿಗಳೇ ಹೊಲಿಯುತ್ತಾರೆ. ಹಲ್ಲಿಗೆ ಇಡುವ ಸುರುಳಿಯನ್ನೂ. ಅಲ್ಲಿ ಕೂರುವವರಿಗೆ ಒಂದು ಲೋಟ ಚಹಾ ಹೆಚ್ಚು, ಸ್ನಾನಕ್ಕೆ ಪೈಪಿನ ಬದಲು ಒಂದು ಬಕೆಟ್ ಬಿಸಿನೀರು, ತಲೆಗೂದಲು ಬಿಡಬಹುದು, ಅವರನ್ನು ಕರೆಂಟಿಗೆ ಕರೆಯುವುದು ಕಡಿಮೆ. ಅಲ್ಲಿ ನೋಡಿಕೊಳ್ಳುತ್ತಿದ್ದ ಆಯಾ ಕೆಲಸ ಬಿಟ್ಟಳು. ನನಗೆ ಹೊಲಿಗೆ ಬರುತ್ತದೆ ಎಂದು ಬೀಗದಮ್ಮನಿಗೆ ಹೇಳಿದೆ, ಕೋಣೆ ನನಗೆ ಬಂತು. ಇವತ್ತು ಅಕ್ಕನನ್ನು ಅಲ್ಲಿಗೆ ಹಾಕಿಸಿಕೊಂಡೆ.

ನನಗೆ ಹೊಲಿಗೆ ಕಲಿಸಿದವಳೇ ಅವಳು. ನಮ್ಮ ಬೀದಿಯಲ್ಲಿ ಅಕ್ಕ ಹಾಕುವ ಗುಂಡಿಯ ಕಾಜಕ್ಕೆ ಹೆಸರಿತ್ತು. ಕಿಟಕಿ ಪಕ್ಕದ ಮೆಷಿನ್ ಕೆಟ್ಟು ಧೂಳು ಹಿಡಿದಿತ್ತು. ಅಕ್ಕ ಅದರ ಮುಂದೆ ಕೂತು ಬಾಬಿನ್ ತೆಗೆದಳು, ಊದಿದಳು, ದಾರ ಬಿಗಿ ಮಾಡಿದಳು, ಪೆಡಲಿನ ಮೇಲೆ ಕಾಲಿಟ್ಟಳು. ಮೆಷಿನ್ ಓಡಿತು. ಅವಳು ನಕ್ಕಳು. ನಾನು ಆ ನಗುವನ್ನು ಮರೆತೇಬಿಟ್ಟಿದ್ದೆ.

"ಏನು ಹೊಲೀಲಿ?" ಎಂದಳು.

"ನಿಲುವಂಗಿ."

"ಜೇಬು ಇಡಲಾ?"

"ಇಲ್ಲಿಯ ಬಟ್ಟೆಗೆ ಜೇಬು ಇಲ್ಲಕ್ಕಾ."

"ಜೇಬಿಲ್ಲದ ಬಟ್ಟೆ ಹಾಕಿದ್ರೆ ಎಂಥೋರಿಗೂ ಹುಚ್ಚು ಹಿಡಿಯುತ್ತೆ ಬಿಡು" ಎಂದು ಕತ್ತರಿ ಎತ್ತಿಕೊಂಡಳು.

ಇಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುವವಳನ್ನು ನೋಡಿದ ಮೇಲೆ ಸಮಿತಿಯವರು ಹುಚ್ಚಿ ಎನ್ನಲಾರರು. ದಾರಿ ಸಿಕ್ಕಿತು.

ಅಕ್ಟೋಬರ್ 20

ರಜೆ. ಬಸ್ಸಿನಲ್ಲಿ ಚಿಕ್ಕಮ್ಮನ ಮನೆಗೆ ಹೋಗಿಬಂದೆ. ಅಮ್ಮನ ತಂಗಿ, ಗಂಡನಿಲ್ಲ, ಸ್ವಂತ ಮನೆ ಇದೆ. ಪೂರ್ತಿ ಹೇಳಿ ಮುಗಿಸುವ ಮೊದಲೇ ಬೈಯಲು ಶುರು ಮಾಡಿದಳು.

"ಮೂರು ವರ್ಷದಿಂದ ಅವಳು ಗಂಡನ ಜೊತೆ ಬೇರೆ ಊರಲ್ಲಿದ್ದಾಳೆ ಅಂತ ಸುಳ್ಳು ಹೇಳ್ತಾ ಬಂದ್ರಲ್ಲ, ನೀನು, ನಿಮ್ಮಮ್ಮ! ನಾನೇನು ಸತ್ತಿದ್ನಾ?"

"ನಾಚಿಕೆ ಆಗ್ತಿತ್ತು ಚಿಕ್ಕಮ್ಮ."

"ಅವಳನ್ನ ಅಲ್ಲಿ ಬಿಟ್ಟಿದ್ದಕ್ಕೆ ಆಗಲಿಲ್ಲ ನಾಚಿಕೆ, ನನಗೆ ಹೇಳೋಕೆ ಆಯ್ತು. ಸರಿ, ಯಾವತ್ತು ಬಂದು ನಿಲ್ಲಬೇಕು ಹೇಳು. ಹಿಂದಿನ ಕೋಣೆಗೆ ಸುಣ್ಣ ಹೊಡೆಸ್ತೀನಿ."

ಸಮಿತಿ ಡಿಸೆಂಬರ್ ಒಂಬತ್ತಕ್ಕೆ. ಬರುತ್ತೇನೆ ಎಂದಿದ್ದಾಳೆ. ನಾನು ಅಕ್ಕನ ತಂಗಿ ಎನ್ನುವುದನ್ನು ಬಾಯಿಬಿಡುವುದಿಲ್ಲ ಎಂದು ಮಾತು ಕೊಟ್ಟಿದ್ದಾಳೆ.

ಅಕ್ಟೋಬರ್ 22

ಅಕ್ಕನಿಗೆ ಹೇಳಿದೆ. ಸೂಜಿಗೆ ದಾರ ಪೋಣಿಸುತ್ತಿದ್ದಳು. ಮೊದಲ ಬಾರಿಗೆ ಅವಳ ದಾರ ಸೂಜಿಯ ಕಣ್ಣು ತಪ್ಪಿತು.

ನವೆಂಬರ್ 13

ಬಿಡುವಿಲ್ಲದ ಕೆಲಸ, ಬರೆಯಲಾಗಲಿಲ್ಲ. ಜನವರಿಯಲ್ಲಿ ಹೊಸ ವಾರ್ಡು ತೆರೆಯುತ್ತದೆ. ಅಷ್ಟಕ್ಕೂ ನಿಲುವಂಗಿ, ಹೊದಿಕೆ ಎಲ್ಲ ನಮ್ಮ ಕೋಣೆಯಿಂದಲೇ ಹೋಗಬೇಕು. ಡಾಕ್ಟರು ಖುದ್ದು ಬಂದು ನೋಡಿದರು. ಅಕ್ಕನ ಹೊಲಿಗೆಯನ್ನು ಎರಡು ಕೈಯಲ್ಲಿ ಹಿಡಿದು ಎಳೆದರು, ಒಂದು ಎಳೆಯೂ ಬಿಚ್ಚಲಿಲ್ಲ. "ಈ ಕೋಣೆ ಹೀಗೆ ನಡೆದದ್ದನ್ನ ನಾನು ನೋಡೇ ಇಲ್ಲ" ಎಂದರು. ನನಗೆ ಹೇಳಿದ್ದು, ಎಲ್ಲರೆದುರು.

ಹೊಲಿಯುವವರ ಮಾತು ಜಾಸ್ತಿಯಾಗಿದೆ. ಮಧ್ಯಾಹ್ನದವರೆಗೆ ಮಾತು ಬೇಡ ಎಂದು ನಿಯಮ ಮಾಡಿದೆ. ಕೆಲಸ ಮುಗಿದ ಮೇಲೆ ಕತ್ತರಿಗಳನ್ನು ಲೆಕ್ಕ ಮಾಡಿ ಬೀಗ ಹಾಕುವುದು, ಅಲ್ಲಿಯವರೆಗೆ ಯಾರೂ ಏಳುವಂತಿಲ್ಲ. ಕಲೆಕ್ಟರಮ್ಮನಿಗೆ ಗುಂಡಿ ಹಚ್ಚಲು ಕೊಟ್ಟಿದ್ದೇನೆ. "ನಿನಗೆ ಬಡ್ತಿ ಕೊಟ್ಟಿದ್ದು ನಾನೇ, ನೆನಪಿರಲಿ" ಎನ್ನುತ್ತಾಳೆ.

ಡಿಸೆಂಬರ್ 3

ಬೀಗದಮ್ಮ ಚಹಾ ಕುಡಿಯುತ್ತ ಮಾತು ತೆಗೆದಳು. ಸಮಿತಿಯ ಮುಂದೆ ಯಾರ್ಯಾರು ಬರುತ್ತಾರೆಂದು ಅವಳಿಗೆ ಗೊತ್ತಾಗಿದೆ.

"ಕಿಟಕಿ ಮೆಷಿನಿನವಳಿಗೆ ಯಾರೋ ಚಿಕ್ಕಮ್ಮ ಹುಟ್ಟಿಕೊಂಡಿದ್ದಾಳಂತೆ. ಅವಳು ಹೋದ್ರೆ ನಿನ್ನ ಕೋಣೆ ಗತಿ? ಹೊಸ ವಾರ್ಡಿನ ಬಟ್ಟೆ ಹೊರಗಿಂದ ತರಿಸ್ತಾರೆ, ಕೋಣೆ ಮುಚ್ಚುತ್ತಾರೆ. ಉಳಿದ ಹೆಂಗಸರೆಲ್ಲ ವಾಪಸ್ ವಾರ್ಡಿಗೆ. ಕಲೆಕ್ಟರಮ್ಮ ಈ ಚಳಿಯಲ್ಲಿ ಪೈಪಿನ ನೀರಿಗೆ ಉಳೀತಾಳಾ?"

ಅದು ನಿಜ. ನಾನು ಒಬ್ಬಳ ಬಗ್ಗೆ ಮಾತ್ರ ಯೋಚಿಸುತ್ತಿದ್ದೆ.

ಡಾಕ್ಟರನ್ನು ಕೇಳಿದೆ. "ಆರ್ಡರು ಮುಗಿಸಿಕೊಡಿ, ಮಾರ್ಚಿನಲ್ಲಿ ನಾನೇ ಅವಳ ಪರವಾಗಿ ಹೇಳ್ತೀನಿ" ಎಂದರು. ಡಾಕ್ಟರ ಮಾತೆಂದರೆ ನನ್ನ ಮಾತಿಗಿಂತ ನೂರು ಪಾಲು ತೂಕ. ಮಾರ್ಚ್ ದೂರವೇನೂ ಇಲ್ಲ. ಇಲ್ಲಿ ಅವಳಿಗೆ ಕೂದಲು ಬಂದಿದೆ, ಮೈ ತುಂಬಿದೆ, ನಾನು ಕಣ್ಣೆದುರಿಗೇ ಇದ್ದೇನೆ. ಚಿಕ್ಕಮ್ಮನಿಗೆ ಈ ಸಲ ಬರಬೇಡ ಎಂದು ಹೇಳಿ ಕಳಿಸಿದೆ.

ಡಿಸೆಂಬರ್ 9

ಬೆಳಿಗ್ಗೆ ಅವಳು ಕೈಕಾಲು ತೊಳೆದು, ಕೂದಲನ್ನು ಒದ್ದೆ ಕೈಯಲ್ಲಿ ತಿದ್ದಿಕೊಂಡು, ಮೆಷಿನ್ನಿಗೆ ಹೊದಿಕೆ ಮುಚ್ಚಿ ಕಾಯುತ್ತಿದ್ದಳು. ನಿನ್ನೆಯೇ ಹೇಳಬೇಕೆಂದಿದ್ದೆ, ಕೆಲಸದ ನಡುವೆ ಆಗಲಿಲ್ಲ. ಮಾರ್ಚಿಗೆ ಎಂದೆ. ಕಾರಣಗಳನ್ನೂ ಹೇಳಿದೆ. ಅವಳು ಕೇಳಿಸಿಕೊಂಡಳು.

"ಚಿಕ್ಕಮ್ಮ ಬರಲ್ಲ ಅಂದಳಾ?"

"ನಾನೇ ಬೇಡ ಅಂದೆ. ನಿನ್ನ ಒಳ್ಳೇದಕ್ಕೇ ಅಕ್ಕಾ."

ಅವಳು ಹೊದಿಕೆ ತೆಗೆದು, "ಬೂದು ದಾರ ಮುಗಿದಿದೆ" ಎಂದಳು. ಕೊಟ್ಟೆ. ಸಂಜೆಯವರೆಗೆ ಹೊಲಿದಳು. ಎಲ್ಲರಿಗಿಂತ ಜಾಸ್ತಿ ಅವಳದೇ ಆಗಿತ್ತು. ಅರ್ಥ ಮಾಡಿಕೊಂಡಿದ್ದಾಳೆ.

ಡಿಸೆಂಬರ್ 28

ಮರ್ಯಾದೆ ಹೋಯಿತು.

ಹೊಸ ವಾರ್ಡಿಗೆ ಕೊಡುವ ಮೊದಲು ಒಂದು ಕಟ್ಟು ನಿಲುವಂಗಿಗಳನ್ನು ಹಳೆ ವಾರ್ಡಿನ ಸ್ನಾನದ ದಿನ ತೊಡಿಸಿ ನೋಡೋಣ ಎಂದು ಡಾಕ್ಟರು ಹೇಳಿದ್ದರು. ತೊಡಿಸಲು ಹೋದರೆ ಯಾರ ತಲೆಯೂ ಹೊರಗೆ ಬರಲಿಲ್ಲ. ಕುತ್ತಿಗೆಯ ತೆರಪು ಒಂದೊಂದನ್ನೂ ಹೊಲಿದು ಮುಚ್ಚಿದೆ. ಎರಡು ಸಾಲು, ಸಣ್ಣ ಸಣ್ಣ ಹೊಲಿಗೆ, ಒಂದೂ ತಪ್ಪಿಲ್ಲ, ಕಿಟಕಿ ಮೆಷಿನಿನವಳದೇ ಕೈ. ಕಟ್ಟು ಪೂರ್ತಿ ಹೀಗೇ. ಒದ್ದೆ ಮೈಯ ಹೆಂಗಸರು ಬಟ್ಟೆಯೊಳಗೆ ತಲೆ ಸಿಕ್ಕಿಸಿಕೊಂಡು ಅಂಗಳದಲ್ಲಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಿದ್ದರು.

ಕಲೆಕ್ಟರಮ್ಮ ಗಹಗಹಿಸಿ ನಕ್ಕಳು. "ಸರಿಯಾಗೇ ಹೊಲಿದಿದ್ದಾಳೆ! ಇಲ್ಲಿಗೆ ಬರೋರಿಗೆ ತಲೆ ಯಾಕೆ?"

ಡಾಕ್ಟರು ನನ್ನನ್ನು ಕೇಳಿದರು: "ನಿಮ್ಮ ಕಣ್ಣೆದುರಿಗೇ ಇದ್ದಳಲ್ಲ? ಮರೆವಿನಿಂದ ಆದದ್ದಾ, ಬೇಕೆಂದು ಮಾಡಿದ್ದಾ?"

ಇದ್ದದ್ದನ್ನು ಇದ್ದಂತೆ ಹೇಳಬೇಕಾಯಿತು. "ಬೇಕೆಂದೇ ಸಾರ್. ಮರೆವಾಗಿದ್ದರೆ ಒಂದೆರಡರಲ್ಲಿ ಆಗುತ್ತಿತ್ತು."

"ಸುಧಾರಿಸಿದ್ದಾಳೆ ಅಂದುಕೊಂಡಿದ್ದೆ" ಎಂದರು.

ಅವಳನ್ನು ಕರೆದು ಕೇಳಿದೆ, ಯಾಕೆ ಹೀಗೆ ಮಾಡಿದೆ ಎಂದು. "ಹೊರಗೆ ಬರೋ ದಾರಿ ಇಟ್ಟು ಏನು ಪ್ರಯೋಜನ ಪುಟ್ಟಿ" ಎಂದಳು. ಎಲ್ಲರೆದುರು ಪುಟ್ಟಿ ಎಂದಳು. ಬೀಗದಮ್ಮ ಪಕ್ಕದಲ್ಲೇ ಇದ್ದಳು. ನನಗೆ ಸಿಟ್ಟು ಬಂತು. "ಆಯಾಗೆ ಅಮ್ಮ ಅನ್ನಬೇಕು" ಎಂದು ಗದರಿದೆ.

ಡಿಸೆಂಬರ್ 31

ಕಿಟಕಿ ಮೆಷಿನಿನವಳಿಗೆ ಕರೆಂಟು. ಭುಜ ನಾನೇ ಹಿಡಿದೆ. ಬೇರೆಯವರು ಸಡಿಲ ಹಿಡಿಯುತ್ತಾರೆ, ಮೂಳೆ ಜಾರುತ್ತದೆ. ಸುರುಳಿಯನ್ನೂ ನಾನೇ ಇಟ್ಟೆ, ನಮ್ಮ ಕೋಣೆಯದು, ಗಟ್ಟಿ ಇದೆ. ಇನ್ನೂ ಐದು ಸಲ ಆಗಬೇಕು ಎಂದಿದ್ದಾರೆ.

ಆಮೇಲೆ ಊಟ ಮಾಡಿದೆ.

ಜನವರಿ 25

ಹೊಸ ವಾರ್ಡು ತೆರೆಯಿತು. ಒಪ್ಪಿಸಬೇಕಾದದ್ದೆಲ್ಲ ಹೊತ್ತಿಗೆ ಸರಿಯಾಗಿ ಒಪ್ಪಿಸಿದೆವು. ಕುತ್ತಿಗೆಯ ಹೊಲಿಗೆ ಬಿಚ್ಚಲು ಕಲೆಕ್ಟರಮ್ಮನಿಂದ ಹಿಡಿದು ಎಲ್ಲರೂ ಕೈ ಹಚ್ಚಿದರು. ಹೊಸದಾಗಿ ಬಂದ ಆಯಾಳಿಗೆ ಕರೆಂಟಿನ ಕೋಣೆಯಲ್ಲಿ ಹೇಗೆ ನಿಲ್ಲಬೇಕೆಂದು ತೋರಿಸಿಕೊಟ್ಟೆ. ಮುಖ ನೋಡಬಾರದು, ಭುಜದ ಮೂಳೆ ನೋಡಬೇಕು. ಪಾಪ, ಹೊರಗೆ ಹೋಗಿ ವಾಂತಿ ಮಾಡಿದಳು. ಮೊದಲ ಸಲ ಎಲ್ಲರಿಗೂ ಹೀಗೇ ಎಂದೆ.

ಕಿಟಕಿ ಮೆಷಿನಿನವಳು ಮತ್ತೆ ಬಂದು ಕೂತಿದ್ದಾಳೆ. ಈಗ ಗಲಾಟೆ ಇಲ್ಲ. ನೇರ ಹೊಲಿಗೆ ಹೊಲಿಯುತ್ತಾಳೆ. ಕಾಜ ಮಾಡಲು ಬರುತ್ತಿಲ್ಲ. ಬಟ್ಟೆ ಕೈಗೆ ಕೊಟ್ಟರೆ ಅದನ್ನೇ ನೋಡುತ್ತ ಕೂರುತ್ತಾಳೆ. ಕಾಜವನ್ನು ಇನ್ನೊಬ್ಬಳಿಗೆ ಒಪ್ಪಿಸಿದ್ದೇನೆ.

ಮಾರ್ಚ್ 10

ಸಮಿತಿ ಕೂತಿತು. ಚಿಕ್ಕಮ್ಮ ಬಾಡಿಗೆ ಕಾರು ಮಾಡಿಕೊಂಡು ಬಂದಿದ್ದಳು. ಕೈಯಲ್ಲಿ ಒಂದು ಹೊಸ ಬಟ್ಟೆ, ಮಡಚಿದ್ದು, ತೊಡಿಸಿ ಕರೆದೊಯ್ಯಲು. ಮೇಜಿನ ಆಚೆ ಮೂವರು. ಡಾಕ್ಟರು ಮಾತಿಗೆ ತಪ್ಪಲಿಲ್ಲ. "ಈಗ ಶಾಂತವಾಗಿದ್ದಾಳೆ, ಸಂಬಂಧಿಕರು ಒಪ್ಪಿದರೆ ಕಳಿಸಬಹುದು" ಎಂದರು.

ಅಧ್ಯಕ್ಷರು ಅವಳನ್ನು ಕೇಳಿದರು: "ಇವರು ಯಾರು ಗೊತ್ತಾ?"

ಅವಳು ಚಿಕ್ಕಮ್ಮನನ್ನು ನೋಡಿದಳು. "ಹೊಸಬರು" ಎಂದಳು.

"ಅಯ್ಯೋ ನನ್ನ ಕಂದಾ, ನಾನು ಕಣೇ! ನಿನಗೆ ಜಡೆ ಹಾಕ್ತಿದ್ನಲ್ಲೇ!" ಚಿಕ್ಕಮ್ಮ ಅವಳ ಕೈ ಹಿಡಿಯಲು ಹೋದಳು. ಅವಳು ಕೈ ಎಳೆದುಕೊಂಡು ನನ್ನ ಹಿಂದೆ ಬಂದು ನಿಂತಳು.

"ಮನೆಗೆ ಹೋಗ್ತೀಯಾ?" ಅಧ್ಯಕ್ಷರು ಮತ್ತೆ ಕೇಳಿದರು.

"ಅಮ್ಮನ್ನ ಕೇಳಿ" ಎಂದಳು. ನನ್ನನ್ನು ತೋರಿಸಿದಳು.

ಎಲ್ಲರೂ ನನ್ನನ್ನು ನೋಡಿದರು. ಚಿಕ್ಕಮ್ಮನೂ. ಕೋಣೆಯ ಮುಖ್ಯಸ್ಥೆಯಾಗಿ ನನ್ನ ಅಭಿಪ್ರಾಯ ಹೇಳಬೇಕಿತ್ತು. ಹೊರಗೆ ಒಬ್ಬಂಟಿ ಹೆಂಗಸು ಇವಳನ್ನು ಸಂಭಾಳಿಸುವುದು ಕಷ್ಟ, ಹೊತ್ತು ಹೊತ್ತಿಗೆ ಹೇಳಿದರೆ ಮಾತ್ರ ಉಣ್ಣುತ್ತಾಳೆ, ಅಪರಿಚಿತರನ್ನು ಕಂಡರೆ ಬೆದರುತ್ತಾಳೆ ಎಂದೆ. ಒಂದೂ ಸುಳ್ಳಲ್ಲ. ಸಮಿತಿಯವರು ತಮ್ಮತಮ್ಮಲ್ಲಿ ಮಾತಾಡಿಕೊಂಡು ಇಲ್ಲೇ ಇರಲಿ ಎಂದರು.

ಗೇಟಿನವರೆಗೆ ಚಿಕ್ಕಮ್ಮನ ಜೊತೆ ಹೋದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ.

"ನೀನು ಯಾರು ಅಂತ ನಾನು ಅವರಿಗೆ ಹೇಳಲಿಲ್ಲ" ಎಂದಳು. "ನಿನಗೋಸ್ಕರ ಅಂತ ತಿಳ್ಕೋಬೇಡ. ಒಳಗೆ ಅವಳಿಗೆ ಯಾರಾದ್ರೂ ಇರಲಿ ಅಂತ."

ಬಟ್ಟೆಯನ್ನು ನನ್ನ ಕೈಯಲ್ಲಿಟ್ಟು ಕಾರು ಹತ್ತಿದಳು. ಹೊರಗಿನವರಿಗೆ ಇಲ್ಲಿಯ ಕಷ್ಟ ಅರ್ಥವಾಗುವುದಿಲ್ಲ. ಬಟ್ಟೆಗೆ ಜೇಬಿತ್ತು. ರೋಗಿಗಳಿಗೆ ಕೊಡುವಂತಿಲ್ಲ, ಉಗ್ರಾಣಕ್ಕೆ ಕಳಿಸಿದೆ.

ಏಪ್ರಿಲ್ 2

ಕಿಟಕಿ ಮೆಷಿನಿನವಳನ್ನು ಹಿತ್ತಿಲ ಕಡೆಯ ವಾರ್ಡಿಗೆ, ವಾಸಿಯಾಗದವರಿರುವಲ್ಲಿಗೆ ಕಳಿಸಿದರು. ಪೆಡಲಿನ ಮೇಲೆ ಕಾಲಿಟ್ಟು ಸುಮ್ಮನೆ ಕೂರುತ್ತಿದ್ದಳು, ಜಾಗ ವ್ಯರ್ಥ. ಹಿತ್ತಿಲ ವಾರ್ಡಿನವರನ್ನು ಸಮಿತಿಯ ಮುಂದೆ ತರುವುದಿಲ್ಲ. ಅಲ್ಲಿಯ ಆಯಾ ಒಳ್ಳೆಯವಳು. ಮೆಷಿನ್ನಿಗೆ ಹೊಸ ಹುಡುಗಿ ಬಂದಿದ್ದಾಳೆ, ಮನೆಯಲ್ಲಿ ಹೊಲಿಗೆ ಮಾಡುತ್ತಿದ್ದಳಂತೆ. ಇನ್ನೂ ಅಳುತ್ತಾಳೆ. ಕೈ ಮಾತ್ರ ಚೆನ್ನಾಗಿದೆ.

ಏಪ್ರಿಲ್ 19

ಕೆಲಸ ಖಾಯಂ ಆಯಿತು. ಅದರ ಜೊತೆಗೆ ಎರಡು ಕೋಣೆಯ ಕ್ವಾರ್ಟರ್ಸ್ ಕೊಟ್ಟಿದ್ದಾರೆ, ಆಸ್ಪತ್ರೆಯ ಗೋಡೆಗೆ ಹೊಂದಿಕೊಂಡೇ ಇದೆ. ಇವತ್ತು ಸಾಮಾನು ಸಾಗಿಸಿದೆ. ಬೀಗದಮ್ಮ ಸಹಾಯಕ್ಕೆ ಬಂದಿದ್ದಳು. ಒಳಗಿನ ಕೋಣೆಯ ಕಿಟಕಿ ತೆರೆದು ಗಾಳಿ ನೋಡಿ, "ಒಬ್ಬಳಿಗೆ ಇಷ್ಟು ದೊಡ್ಡ ಮನೆ! ಊರಿಂದ ಯಾರನ್ನಾದ್ರೂ ಕರೆಸ್ಕೊ. ಅಕ್ಕ ತಂಗಿ ಯಾರೂ ಇಲ್ವಾ ನಿನಗೆ?" ಎಂದಳು.

ಇಲ್ಲ ಎಂದೆ.

ಒಳಗಿನ ಕೋಣೆಯಲ್ಲಿ ತೇವವಿಲ್ಲ. ಉಗ್ರಾಣದಲ್ಲಿ ಜಾಗ ಸಾಲದೆ ಕ್ಯಾನ್ವಾಸ್ ಬಟ್ಟೆಯ ಥಾನುಗಳು ಹೊರಗೆ ಬಿದ್ದಿದ್ದವು. ಸಂಜೆ ಅವನ್ನೆಲ್ಲ ತರಿಸಿ ಅಲ್ಲಿ ಜೋಡಿಸಿದೆ.